ನಾಣ್ಯವನ್ನು ಶುಚಿಗೊಳಿಸಿದರೆ ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಮೌಲ್ಯ ಕುಗ್ಗುತ್ತದೆಯೇ?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಬೇರೆ ಬೇರೆ ಕಾಲದ, ಬೇರೆ ಬೇರೆ ಲೋಹಗಳ ಹಳೆಯ ನಾಣ್ಯಗಳಿವೆ. ಬೆಳ್ಳಿಯ ನಾಣ್ಯಗಳಲ್ಲಿ ಹಲವು ಕಪ್ಪಾಗಿವೆ. ಕೆಲವು ಅಂಚಿನಿಂದ ಒಳಮುಖವಾಗಿ ಹಳದಿ, ನೇರಳೆ, ನೀಲಿ ಬಣ್ಣಗಳನ್ನು ತಳೆದಿವೆ. ತಾಮ್ರದವು ಕಂದುಬಣ್ಣಕ್ಕೆ ತಿರುಗಿದ್ದು, ಅವುಗಳಲ್ಲಿ ಕೆಲವಕ್ಕೆ ಹಸಿರು ಕಿಲುಬು ಹಿಡಿದಿದೆ. ಹಳೆಯ ಆಲ್ಬಮ್ ಒಂದರ ಮೆತ್ತನೆಯ ಪ್ಲಾಸ್ಟಿಕ್ ಪುಟಗಳಲ್ಲಿದ್ದ ನಾಣ್ಯಗಳ ಮೇಲೆ ಅಂಟಂಟಾದ ಪದರವೊಂದು ಕೂತಿದೆ. ಇದಲ್ಲದೆ ಮಣ್ಣಿನಿಂದ ಹೊರತೆಗೆದಂತೆ ಕಾಣುವ, ಬಹಳ ಪುರಾತನವಾದ ಕಂಚಿನ ನಾಣ್ಯಗಳೂ ಇವೆ.

ಇವನ್ನೆಲ್ಲ ತೊಳೆದು, ಉಜ್ಜಿ, ಒಪ್ಪವಾಗಿ ಜೋಡಿಸಿಡಬೇಕೆಂಬ ಆಸೆ ನನಗಿದೆ. ಆದರೆ ನಾಣ್ಯ ಸಂಗ್ರಹದ ಬಗ್ಗೆ ಏನನ್ನು ಓದಿದರೂ ಮೊದಲು ಸಿಗುವ ಮಾತು ‘ಶುಚಿಗೊಳಿಸಬೇಡಿ’ ಎಂಬುದೇ. ಇದಕ್ಕೆ ಕಾರಣವೇನೆಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಿದಂತೆ ಕಾಣುವುದಿಲ್ಲ. ಲೋಹ ಅದೇ, ಮುದ್ರೆ ಅದೇ, ತೂಕವೂ ಹೆಚ್ಚುಕಡಿಮೆ ಅದೇ ಆಗಿರುವಾಗ ಮಸುಕಾದ ನಾಣ್ಯಕ್ಕಿಂತ ಹೊಳೆಯುವ ನಾಣ್ಯ ಹೇಗೆ ಕೀಳಾಗುತ್ತದೆ? ಆ ಕಪ್ಪು ಪದರವೂ ಒಂದು ಬಗೆಯ ತುಕ್ಕೇ ಅಲ್ಲವೇ? ತುಕ್ಕನ್ನು ಹಾಗೆಯೇ ಬಿಟ್ಟರೆ ಅದು ನಾಣ್ಯವನ್ನು ತಿಂದುಹಾಕುವುದಿಲ್ಲವೇ? ಸಂಗ್ರಹಾಲಯಗಳಲ್ಲಿ ಪುರಾತನ ನಾಣ್ಯಗಳನ್ನು ಶುಚಿಗೊಳಿಸಿಯೇ ಪ್ರದರ್ಶನಕ್ಕಿಡುತ್ತಾರೆ. ಅಲ್ಲಿ ಸರಿಯಾದದ್ದು ನಮ್ಮ ಕೈಯಲ್ಲಿ ಏಕೆ ತಪ್ಪಾಗಬೇಕು? ಮಾರುವ ಉದ್ದೇಶವೇ ಇಲ್ಲದ ನನ್ನಂಥವರಿಗೂ ಈ ನಿಯಮ ಅನ್ವಯಿಸುತ್ತದೆಯೇ? ತಿಳಿದವರು ಕಾರಣ ಸಹಿತವಾಗಿ ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಮಸ್ಕಾರ. ಕಾರಣವನ್ನು ಕೇಳಿದ್ದೀರಿ, ಆದ್ದರಿಂದ ನಿಯಮವನ್ನು ಪಕ್ಕಕ್ಕಿಟ್ಟು ಲೋಹದಿಂದಲೇ ಆರಂಭಿಸುತ್ತೇನೆ.

ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಭಾರೀ ಒತ್ತಡದಿಂದ ಹೊಡೆದಾಗ, ಲೋಹವು ಆ ಕ್ಷಣದಲ್ಲಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹೀಗೆ ಹರಿಯುವಾಗ ನಾಣ್ಯದ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ, ಅಂಚಿನತ್ತ ಸಾಗುವ ಏಣುಗಳು ಮೂಡುತ್ತವೆ. ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ನಿಧಾನವಾಗಿ ಓಲಾಡಿಸಿದರೆ, ಬೆಳಕಿನ ಪಟ್ಟಿಗಳು ಚಕ್ರದ ಅರಗಳಂತೆ ಅದರ ಮೇಲೆ ಸುತ್ತುತ್ತವೆ. ಸಂಗ್ರಾಹಕರು ಮಿಂಟ್ ಲಸ್ಟರ್ ಎಂದು ಕರೆಯುವುದು ಈ ಹೊಳಪನ್ನು. ಇದು ಹೊರಗಿನಿಂದ ಬಳಿದ ಹೊಳಪಲ್ಲ. ಆ ಏಣುಗಳು ಬೆಳಕನ್ನು ಪ್ರತಿಫಲಿಸುವ ರೀತಿಯೇ ಅದು. ನಾಣ್ಯ ಅಚ್ಚಿನಿಂದ ಹೊರಬಿದ್ದ ಕ್ಷಣದಲ್ಲಿ ಒಮ್ಮೆ ಮಾತ್ರ ಹುಟ್ಟುವ ಈ ರಚನೆಯನ್ನು ಮತ್ತೆ ಉಂಟುಮಾಡುವ ವಿಧಾನ ಯಾವುದೂ ಇಲ್ಲ.

ಉಜ್ಜುವುದರಿಂದ ಏನಾಗುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಲೋಹಗಳಿಗೆ ಒಪ್ಪ ಕೊಡುವ ಪುಡಿಗಳು, ಮುಲಾಮುಗಳು, ಹಲ್ಲುಜ್ಜುವ ಪೇಸ್ಟ್ ಎಲ್ಲವೂ ಮೇಲ್ಮೈಯನ್ನು ಕೆರೆದೇ ಕೆಲಸ ಮಾಡುತ್ತವೆ. ಏಣುಗಳು ಸವೆದು, ಅವುಗಳ ಜಾಗದಲ್ಲಿ ಅಸಂಖ್ಯ ಸಣ್ಣ ಗೀರುಗಳು ಮೂಡುತ್ತವೆ. ದೂರದಿಂದ ನೋಡಿದಾಗ ನಾಣ್ಯ ಥಳಥಳಿಸುವುದೇನೋ ನಿಜ. ಆದರೆ ಆ ಹೊಳಪು ಗೀರುಗಳದ್ದು, ಟಂಕಸಾಲೆಯದ್ದಲ್ಲ. ‘ಲೋಹ ಅದೇ, ಮುದ್ರೆ ಅದೇ’ ಎಂದಿದ್ದೀರಿ. ಮೂರನೆಯದಾಗಿ ಮೇಲ್ಮೈ ಎಂಬುದೊಂದಿದೆ, ಸಂಗ್ರಾಹಕರು ಬೆಲೆ ಕಟ್ಟುವುದು ಮುಖ್ಯವಾಗಿ ಅದಕ್ಕೇ. ಒಂದೇ ವರ್ಷದ, ಒಂದೇ ಟಂಕಸಾಲೆಯ, ಒಂದೇ ಬಗೆಯ ಎರಡು ನಾಣ್ಯಗಳನ್ನು ಪರಸ್ಪರ ಬೇರ್ಪಡಿಸುವುದು ಅವುಗಳ ಮೇಲ್ಮೈಯ ಸ್ಥಿತಿಯಲ್ಲದೆ ಮತ್ತೇನಲ್ಲ.

ಉಜ್ಜದೆ ರಾಸಾಯನಿಕದಲ್ಲಿ ಅದ್ದಿ ತೆಗೆದರೆ ಆಗದೇ ಎಂದು ನೀವು ಕೇಳಬಹುದು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳೊಡನೆ ಬೆರೆತು ಬೆಳ್ಳಿಯ ಸಲ್ಫೈಡ್ ಆಗುವುದರಿಂದ. ಆ ಸಲ್ಫೈಡಿನಲ್ಲಿರುವ ಬೆಳ್ಳಿ ನಾಣ್ಯದ್ದೇ ಬೆಳ್ಳಿ. ಥಯೋಯೂರಿಯಾ ಮತ್ತು ಆಮ್ಲ ಬೆರೆತ ಅದ್ದುದ್ರಾವಣಗಳು ಕಪ್ಪನ್ನು ಕರಗಿಸುವಾಗ ಅದರೊಳಗಿನ ಬೆಳ್ಳಿಯನ್ನೂ ಒಯ್ಯುತ್ತವೆ. ಪದರ ತೆಳುವಾಗಿದ್ದು ಒಮ್ಮೆ ಮಾತ್ರ ಕ್ಷಣಕಾಲ ಅದ್ದಿದರೆ ವ್ಯತ್ಯಾಸ ಕಾಣದೆ ಹೋಗಬಹುದು. ಪದರ ದಪ್ಪವಾಗಿದ್ದರೆ ಅಥವಾ ಮತ್ತೆ ಮತ್ತೆ ಅದ್ದಿದರೆ ಏಣುಗಳ ತುದಿಗಳು ಕರಗಿಹೋಗಿ, ಬಿಳುಪಾಗಿದ್ದರೂ ಜೀವಕಳೆಯಿಲ್ಲದ ನಾಣ್ಯ ಉಳಿಯುತ್ತದೆ. ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಸೋಡಾ ಬಳಸುವ ಮನೆಯ ಉಪಾಯವೂ ಇದಕ್ಕೆ ಹೊರತಲ್ಲ. ಅದರಲ್ಲಿ ಸಲ್ಫೈಡು ಮತ್ತೆ ಬೆಳ್ಳಿಯಾಗಿ ಮಾರ್ಪಡುತ್ತದೆ ಎಂಬುದು ನಿಜವಾದರೂ, ಹಾಗೆ ಮರಳಿದ ಬೆಳ್ಳಿ ತನ್ನ ಮೊದಲಿನ ಸ್ಥಾನದಲ್ಲಿ ಮೊದಲಿನಂತೆ ಕೂರುವುದಿಲ್ಲ, ಮೇಲ್ಮೈ ಮಂಕಾಗಿ ಸುಣ್ಣದಂತೆ ಕಾಣುತ್ತದೆ.

ಬಣ್ಣಗಳ ವಿಷಯ. ಹಳದಿ, ನೇರಳೆ, ನೀಲಿಯಾಗಿ ಕಾಣುವ ನಿಮ್ಮ ನಾಣ್ಯಗಳ ಮೇಲೆ ಯಾವ ಬಣ್ಣದ ವಸ್ತುವೂ ಇಲ್ಲ. ಅಲ್ಲಿರುವುದು ಬೆಳಕಿನ ತರಂಗಾಂತರಕ್ಕೆ ಹೋಲಿಸಬಹುದಾದಷ್ಟು ತೆಳುವಾದ ಸಲ್ಫೈಡ್ ಪದರ; ಅದರ ಮೇಲ್ಭಾಗದಿಂದಲೂ ಕೆಳಗಿನ ಲೋಹದಿಂದಲೂ ಹಿಂತಿರುಗಿದ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಉಳಿಸುತ್ತವೆ. ಪದರ ದಪ್ಪವಾಗುತ್ತ ಹೋದಂತೆ ಹಳದಿಯಿಂದ ಕೆಂಪು, ನೇರಳೆ, ನೀಲಿ ಎಂಬ ಕ್ರಮದಲ್ಲಿ ಬಣ್ಣ ಬದಲಾಗುತ್ತದೆ. ಟೋನಿಂಗ್ ಎಂದು ಕರೆಯುವ ಈ ಬಣ್ಣಗಳು ಸಹಜವಾಗಿ, ನಿಧಾನವಾಗಿ ಮೂಡಿದ್ದರೆ, ಅವುಗಳ ಅಡಿಯಲ್ಲಿ ಟಂಕಸಾಲೆಯ ಮೇಲ್ಮೈ ಕೆಡದೆ ಉಳಿದಿದೆ ಎಂಬುದಕ್ಕೆ ಸಾಕ್ಷಿಯಾಗುತ್ತವೆ. ನೀವು ಅಳಿಸಿಹಾಕಲು ಹೊರಟಿರುವುದು ಬಹುಶಃ ನಿಮ್ಮ ಸಂಗ್ರಹದ ಅತ್ಯುತ್ತಮ ಲಕ್ಷಣವನ್ನೇ ಎಂಬುದನ್ನು ದಯವಿಟ್ಟು ಗಮನಿಸಿ.

ಮಾರುಕಟ್ಟೆ ಇದನ್ನು ಹೇಗೆ ಅಳೆಯುತ್ತದೆಂಬುದನ್ನೂ ಹೇಳಿಬಿಡುತ್ತೇನೆ. ವಿಲಿಯಂ ಶೆಲ್ಡನ್ ಅವರು 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ ನಾಣ್ಯದ ಸ್ಥಿತಿಯನ್ನು ಅಳೆಯುವ 1ರಿಂದ 70ರವರೆಗಿನ ಅಳತೆಗೋಲು ಕಾಲಕ್ರಮೇಣ ಇತರ ನಾಣ್ಯಗಳಿಗೂ ವಿಸ್ತರಿಸಿತು. 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್ ಮತ್ತು 1987ರಲ್ಲಿ ಬಂದ ಎನ್‌ಜಿಸಿ ಸಂಸ್ಥೆಗಳು ಅದೇ ಅಳತೆಯಲ್ಲಿ ನಾಣ್ಯಗಳಿಗೆ ದರ್ಜೆ ನೀಡಿ ಮೊಹರು ಮಾಡಿದ ಪೆಟ್ಟಿಗೆಗಳಲ್ಲಿಡುತ್ತವೆ. ಕೆಟ್ಟದಾಗಿ ಶುಚಿಗೊಳಿಸಿದ ನಾಣ್ಯಕ್ಕೆ ಆ ಅಳತೆಯ ಅಂಕ ಸಿಗುವುದಿಲ್ಲ. ಸವಕಳಿಯ ಮಟ್ಟವನ್ನು ತಿಳಿಸಿ, ‘ಡೀಟೇಲ್ಸ್’ ಎಂಬ ಪದದೊಡನೆ ಶುಚಿಗೊಳಿಸಲಾಗಿದೆ ಎಂಬ ಷರಾವನ್ನು ನಮೂದಿಸುತ್ತಾರೆ. ಅಂಥ ಷರಾ ಇರುವ ನಾಣ್ಯಕ್ಕೆ ಅದೇ ಮಟ್ಟದ ಸಹಜ ನಾಣ್ಯಕ್ಕಿಂತ ಕಡಿಮೆ ಬೆಲೆ ಬರುತ್ತದೆ, ಅಪರೂಪದ ನಾಣ್ಯಗಳಲ್ಲಿ ಈ ಅಂತರ ಬಹಳ ದೊಡ್ಡದು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಅದನ್ನು ಓದಿದವರು ನಾಣ್ಯಕ್ಕೆ ನೀರನ್ನೂ ಸೋಕಿಸಬಾರದೆಂದು ತಿಳಿದುಕೊಂಡರೆ ಮತ್ತೊಂದು ಬಗೆಯ ಹಾನಿಯಾಗುತ್ತದೆ. ನೀವು ಹೇಳಿದ ಅಂಟಿನ ಪದರವನ್ನು ಹಾಗೆಯೇ ಬಿಡುವಂತಿಲ್ಲ.

ಹಳೆಯ ಆಲ್ಬಮ್ಮುಗಳ ಮೆತ್ತನೆಯ ಪುಟಗಳು ಬಹುಮಟ್ಟಿಗೆ ಪಿವಿಸಿ ಪ್ಲಾಸ್ಟಿಕ್ಕಿನವು. ಅದನ್ನು ಮೃದುವಾಗಿಸಲು ಸೇರಿಸಿದ ಎಣ್ಣೆಯಂಥ ಪದಾರ್ಥ ಕಾಲ ಕಳೆದಂತೆ ಹೊರಸೂಸಿ ನಾಣ್ಯಕ್ಕೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಶಿಥಿಲವಾಗುವಾಗ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲವೂ ಬಿಡುಗಡೆಯಾಗಿ ತಾಮ್ರದೊಡನೆ ಸೇರಿ ಹಸಿರಾಗುತ್ತದೆ. ಬೆಳ್ಳಿ ನಾಣ್ಯಗಳಲ್ಲೂ ತಾಮ್ರ ಬೆರೆತಿರುವುದರಿಂದ ಅವೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಬಿಟ್ಟಷ್ಟು ದಿನವೂ ಇದು ಮೇಲ್ಮೈಯನ್ನು ಕೊರೆಯುತ್ತಲೇ ಇರುತ್ತದೆ. ಇದಕ್ಕೆ ಮದ್ದು ಶುದ್ಧ ಅಸಿಟೋನ್. ಅದು ಜಿಡ್ಡು, ಅಂಟು, ಪ್ಲಾಸ್ಟಿಕ್ಕಿನ ಶೇಷ ಇವುಗಳನ್ನು ಕರಗಿಸುತ್ತದೆಯೇ ಹೊರತು ಲೋಹವನ್ನಾಗಲಿ, ಲೋಹದ ಸಲ್ಫೈಡ್ ಅಥವಾ ಆಕ್ಸೈಡ್ ಪದರವನ್ನಾಗಲಿ ಮುಟ್ಟುವುದಿಲ್ಲ. ಆದ್ದರಿಂದ ಟೋನಿಂಗಿನ ಬಣ್ಣಗಳು ಹಾಗೆಯೇ ಉಳಿಯುತ್ತವೆ.

ನಾನು ಅನುಸರಿಸುವ ಕ್ರಮ ಸರಳವಾದದ್ದು. ಗಾಜಿನ ಬಟ್ಟಲಿನಲ್ಲಿ ನಾಣ್ಯ ಮುಳುಗುವಷ್ಟು ಅಸಿಟೋನ್ ಹಾಕಿ, ಆವಿಯಾಗದಂತೆ ಮುಚ್ಚಿ, ಸ್ವಲ್ಪ ಹೊತ್ತು ಬಿಡುತ್ತೇನೆ; ಅನಂತರ ಹೊಸ ಅಸಿಟೋನಿನಲ್ಲಿ ಮತ್ತೊಮ್ಮೆ ಜಾಲಾಡಿಸಿ, ಒರೆಸದೆ, ಅಂಚಿನ ಮೇಲೆ ನಿಲ್ಲಿಸಿ ಗಾಳಿಗೆ ಒಣಗಲು ಬಿಡುತ್ತೇನೆ. ಎರಡನೆಯ ಸಲ ಹೊಸ ದ್ರವವನ್ನೇ ಬಳಸುವುದು ಮುಖ್ಯ, ಏಕೆಂದರೆ ಮೊದಲನೆಯದರಲ್ಲಿ ಕರಗಿದ ಕೊಳೆ ಒಣಗುವಾಗ ತೆಳುವಾದ ಪೊರೆಯಾಗಿ ಮತ್ತೆ ನಾಣ್ಯದ ಮೇಲೆ ಕೂರುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಇದಕ್ಕೆ ಬದಲಿಯಲ್ಲ. ಅದರಲ್ಲಿ ಸುಗಂಧ, ಎಣ್ಣೆ, ಬಣ್ಣಗಳು ಬೆರೆತಿರುತ್ತವೆ. ಅಸಿಟೋನ್ ಬಹುಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದಲೂ ಕಿಡಿ ಹಾರುವ ಉಪಕರಣಗಳಿಂದಲೂ ದೂರದಲ್ಲಿ ಮಾತ್ರ ಬಳಸಬೇಕು.

ಮಣ್ಣು, ಧೂಳುಗಳಿಗೆ ಡಿಸ್ಟಿಲ್ಡ್ ವಾಟರ್ ಸಾಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಮತ್ತು ಲವಣಗಳಿರುವುದರಿಂದ ಕೊನೆಯ ಜಾಲಾಟಕ್ಕಂತೂ ಅದು ಬೇಡ. ಬಟ್ಟೆಯಿಂದ ಉಜ್ಜಿ ಒಣಗಿಸಿದರೆ ಸಿಕ್ಕಿಕೊಂಡಿರುವ ಮರಳಿನ ಕಣವೇ ಗೀರೆಳೆಯುತ್ತದೆ. ನಿಂಬೆರಸ, ವಿನೆಗರ್‌ನಂಥ ಹುಳಿ ಪದಾರ್ಥಗಳನ್ನು ಯಾವ ಲೋಹಕ್ಕೂ ಬಳಸಬೇಡಿ. ತಾಮ್ರದ ನಾಣ್ಯ ಅವುಗಳಿಂದ ಹಸಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆಯಲ್ಲಿ ಸತುವು ಮೊದಲು ಕರಗಿ ಹೋಗಿ ಮೇಲೆ ತಾಮ್ರದ ಕಲೆಗಳು ಉಳಿಯುತ್ತವೆ.

ಇಲ್ಲಿ ಒಂದು ದುರಂತವನ್ನು ನೆನಪಿಸದೆ ಇರಲಾರೆ. ಹಿಂದೆ ಬೆಳ್ಳಿಯ ನಾಣ್ಯಗಳನ್ನು ಬೆಳಗಲು ಪೊಟ್ಯಾಸಿಯಂ ಸಯನೈಡ್ ದ್ರಾವಣವನ್ನು ಬಳಸುವ ರೂಢಿಯಿತ್ತು. ಪ್ರಸಿದ್ಧ ನಾಣ್ಯಶಾಸ್ತ್ರಜ್ಞರೂ ದಾನಿಗಳೂ ಆಗಿದ್ದ ಜೆ. ಸ್ಯಾನ್‌ಫರ್ಡ್ ಸಾಲ್ಟಸ್ ಅವರು 1922ರಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ನಾಣ್ಯಗಳನ್ನು ಶುಚಿಗೊಳಿಸಲು ತರಿಸಿಕೊಂಡಿದ್ದ ಸಯನೈಡನ್ನು ಪಾನೀಯವೆಂದು ಭಾವಿಸಿ ಕುಡಿದು ಮೃತರಾದರು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಪದಕಕಲೆಗಾಗಿ ನೀಡುವ ಪ್ರಶಸ್ತಿಗೆ ಇಂದಿಗೂ ಅವರ ಹೆಸರಿದೆ. ರಾಸಾಯನಿಕಗಳನ್ನು ಬಳಸುವವರು ಪ್ರತಿ ಬಟ್ಟಲಿಗೂ ಹೆಸರು ಬರೆದಿಡಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣದಿಂದ.

ಉತ್ತರ 3

ಮೊದಲ ಉತ್ತರದ ಭೌತಶಾಸ್ತ್ರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಟೋನಿಂಗನ್ನು ಪವಿತ್ರವೆಂಬಂತೆ ಕಾಣುವ ಪ್ರವೃತ್ತಿಗೆ ನನ್ನ ವಿರೋಧವಿದೆ, ಅದನ್ನು ಸ್ಪಷ್ಟವಾಗಿ ದಾಖಲಿಸಲು ಬಯಸುತ್ತೇನೆ.

ಬೆಳ್ಳಿಯ ಸಲ್ಫೈಡು ಎಷ್ಟೇ ಸುಂದರವಾಗಿ ಕಂಡರೂ ಅದು ಲೋಹದ ಕ್ಷಯವೇ. ಪ್ರಶ್ನೆ ಕೇಳಿದವರು ಅದನ್ನು ತುಕ್ಕು ಎಂದಿದ್ದರಲ್ಲಿ ತಪ್ಪೇನೂ ಇಲ್ಲ. ಬಣ್ಣಗಳ ಹಂತ ದಾಟಿ ಪದರ ಕಪ್ಪಾದ ಮೇಲೆ ಅಡಿಯಲ್ಲಿ ಮೇಲ್ಮೈ ಕೆಡುತ್ತಲೇ ಹೋಗುತ್ತದೆ, ಆ ಕಪ್ಪನ್ನು ಮುಂದೆಂದೋ ತೆಗೆದಾಗ ಕುಳಿಬಿದ್ದ ಬೆಳ್ಳಿ ಕಾಣುತ್ತದೆ. ಅಂಥ ನಾಣ್ಯವನ್ನು ಸಕಾಲದಲ್ಲಿ ಅನುಭವಿಗಳ ಕೈಯಿಂದ ಒಮ್ಮೆ ಅದ್ದಿಸಿ, ಚೆನ್ನಾಗಿ ತೊಳೆದು, ಗಂಧಕದ ಸೋಂಕಿಲ್ಲದ ಕಡೆ ಇಟ್ಟಿದ್ದರೆ ಹೆಚ್ಚು ಉಳಿಯುತ್ತಿತ್ತು. ನೂರು ವರ್ಷ ದಾಟಿಯೂ ಹಾಲಿನಂತೆ ಬೆಳ್ಳಗಿರುವ ಬೆಳ್ಳಿ ನಾಣ್ಯಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಅವುಗಳಲ್ಲಿ ಹೆಚ್ಚಿನವು ಎಂದೋ ಒಮ್ಮೆ ದ್ರಾವಣವನ್ನು ಕಂಡವೇ ಎಂಬುದು ಅನುಭವಿ ಸಂಗ್ರಾಹಕರಿಗೆ ತಿಳಿದ ಸಂಗತಿ. ಲಸ್ಟರ್ ಕೆಡದಂತೆ ಅದ್ದಿದ ನಾಣ್ಯಗಳಿಗೆ ದರ್ಜೆ ನೀಡುವ ಸಂಸ್ಥೆಗಳು ಅಂಕವನ್ನೂ ಕೊಡುತ್ತವೆ. ಹೀಗಿರುವಾಗ ‘ಎಂದಿಗೂ ಶುಚಿಗೊಳಿಸಬಾರದು’ ಎಂದು ಹೊಸಬರಿಗೆ ಹೇಳುವುದು ಪೂರ್ಣ ಸತ್ಯವಲ್ಲ.

ಟೋನಿಂಗಿಗೆ ಬೆಲೆ ಏರಿದ್ದರಿಂದ ಇನ್ನೊಂದು ಕೇಡೂ ಹುಟ್ಟಿದೆ. ಗಂಧಕದ ಹೊಗೆ, ಶಾಖ ಮತ್ತು ರಾಸಾಯನಿಕಗಳಿಂದ ಕೃತಕವಾಗಿ ಬಣ್ಣ ಬರಿಸಿದ ನಾಣ್ಯಗಳು ಬರತೊಡಗಿವೆ. ಕೆಟ್ಟದಾಗಿ ಉಜ್ಜಿದ ನಾಣ್ಯದ ಗೀರುಗಳನ್ನು ಮರೆಮಾಚಲು ಬಣ್ಣ ಬರಿಸುವವರೂ ಇದ್ದಾರೆ. ಶುಚಿಗೊಳಿಸುವುದನ್ನು ಅಪರಾಧವೆಂದು ಕಾಣುವ ನಾವು, ಕೊಳೆಯಾಗಿಸುವುದಕ್ಕೆ ಬಹುಮಾನ ಕೊಡುವ ಪರಿಸ್ಥಿತಿ ಬಂದಿರುವುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಮಾರುವ ಉದ್ದೇಶವಿಲ್ಲದವರಿಗೆ ಈ ನಿಯಮ ಅನ್ವಯಿಸುತ್ತದೆಯೇ ಎಂದು ಕೇಳಿದ್ದೀರಿ. ಚಲಾವಣೆಯಲ್ಲಿ ಸವೆದು, ಹೇರಳವಾಗಿ ಸಿಗುವ ಸಾಮಾನ್ಯ ನಾಣ್ಯವನ್ನು ನೀವು ನಿಮ್ಮ ಸಂತೋಷಕ್ಕಾಗಿ ಬೆಳಗಿಸಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ಅದರಲ್ಲಿ ಟಂಕಸಾಲೆಯ ಮೇಲ್ಮೈ ಎಂದೋ ಹೋಗಿದೆ. ಆದರೆ ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬುದನ್ನು ಗುರುತಿಸಿದ ಮೇಲೆ ಮಾತ್ರ ಆ ಸ್ವಾತಂತ್ರ್ಯವನ್ನು ಬಳಸಿ. ವರ್ಷದ ಅಂಕಿ, ಟಂಕಸಾಲೆಯ ಗುರುತು, ಅಚ್ಚಿನ ಭೇದ ಇವುಗಳನ್ನು ಪಟ್ಟಿ ಪುಸ್ತಕದೊಡನೆ ಹೋಲಿಸಿ ನೋಡುವ ಕೆಲಸ ಮೊದಲು ಆಗಲಿ. ಬೆಳಗಿಸಿದ ನಾಣ್ಯವನ್ನು ಮುಂದೆಂದಾದರೂ ಬೇರೆಯವರಿಗೆ ಕೊಟ್ಟರೆ, ಶುಚಿಗೊಳಿಸಿದ ಸಂಗತಿಯನ್ನು ತಿಳಿಸಿಯೇ ಕೊಡಿ.

ಉತ್ತರ 4

ಪುರಾತನ ನಾಣ್ಯಗಳ ಬಗ್ಗೆ ಈವರೆಗೆ ಯಾರೂ ಬರೆಯದಿರುವುದರಿಂದ ಅಷ್ಟನ್ನು ನಾನು ಸೇರಿಸುತ್ತೇನೆ. ಅವುಗಳ ವಿಷಯವೇ ಬೇರೆ. ಶತಮಾನಗಳ ಕಾಲ ಮಣ್ಣಿನಲ್ಲಿದ್ದು ಹೊರಬಂದ ಗ್ರೀಕ್ ಅಥವಾ ರೋಮನ್ ನಾಣ್ಯ ಮುದ್ದೆಗಟ್ಟಿದ ಮಣ್ಣು ಮತ್ತು ಕಿಲುಬಿನ ಹೆಂಟೆಯಂತಿರುತ್ತದೆ. ಶುಚಿಗೊಳಿಸದೆ ಅದು ಯಾರ ಕಾಲದ್ದೆಂದು ಹೇಳಲೂ ಬರುವುದಿಲ್ಲ. ಇಂದು ಸಂಗ್ರಹಗಳಲ್ಲಿ ಕಾಣುವ ಪುರಾತನ ನಾಣ್ಯಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಶುಚಿಗೊಂಡವೇ ಎಂದರೆ ಅತಿಶಯೋಕ್ತಿಯಲ್ಲ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ಶುಚಿಗೊಳಿಸಬೇಕೇ ಎಂಬುದಲ್ಲ, ಎಲ್ಲಿಗೆ ನಿಲ್ಲಿಸಬೇಕು ಎಂಬುದು.

ಇದಕ್ಕೆ ಉತ್ತರ ಕಿಲುಬಿನ ಪದರಗಳಲ್ಲೇ ಇದೆ. ನೆಲದಲ್ಲಿ ಕಂಚು ನಿಧಾನವಾಗಿ ಮಾರ್ಪಡುವಾಗ ಲೋಹದ ಮೇಲೆ ಮೊದಲು ಕೆಂಪು ತಾಮ್ರದ ಆಕ್ಸೈಡು, ಅಂದರೆ ಕ್ಯೂಪ್ರೈಟ್ ರೂಪುಗೊಳ್ಳುತ್ತದೆ. ಅದರ ಮೇಲೆ ಹಸಿರು ಮಲಕೈಟ್ ಮುಂತಾದವು ಬೆಳೆಯುತ್ತವೆ. ಎಲ್ಲಕ್ಕಿಂತ ಹೊರಗೆ ಮಣ್ಣು ಬೆರೆತ ಗಟ್ಟಿ ಹೊರಪದರವಿರುತ್ತದೆ. ನಾಣ್ಯದ ಮೂಲ ಮೇಲ್ಮೈ, ಅಂದರೆ ಅರಸನ ಮುಖದ ಗೆರೆಗಳು, ಅಕ್ಷರಗಳ ಅಂಚುಗಳು, ಅನೇಕ ವೇಳೆ ಈಗ ಲೋಹದಲ್ಲಿ ಉಳಿದೇ ಇರುವುದಿಲ್ಲ. ಲೋಹವೇ ಖನಿಜವಾಗಿ ಮಾರ್ಪಟ್ಟ ಆ ಪದರದೊಳಗೆ ಅವು ಅಡಗಿರುತ್ತವೆ. ಆಮ್ಲದಲ್ಲಿಯೋ ವಿದ್ಯುದ್ವಿಭಜನೆಯಿಂದಲೋ ಎಲ್ಲವನ್ನೂ ಕಳಚಿ ಬರಿಯ ಲೋಹವನ್ನು ಹೊರತೆಗೆದವರಿಗೆ ಸಿಗುವುದು ಮುಖವಿಲ್ಲದ, ಕುಳಿಕುಳಿಯಾದ ಬಿಲ್ಲೆ. ಮೊದಲ ಉತ್ತರದಲ್ಲಿ ಹೊಸ ನಾಣ್ಯಗಳ ಬಗ್ಗೆ ಹೇಳಿದ ಮಾತು ಇಲ್ಲಿ ಇನ್ನಷ್ಟು ತೀವ್ರವಾಗಿ ಅನ್ವಯಿಸುತ್ತದೆ: ಹೊರಗಿನಿಂದ ಬಂದು ಕೂತದ್ದನ್ನು ತೆಗೆಯಬಹುದು, ಲೋಹವೇ ಮಾರ್ಪಟ್ಟು ಆದದ್ದನ್ನು ತೆಗೆಯಬಾರದು. ನುಣುಪಾದ, ಒಂದೇ ಸಮನಾದ ಹಸಿರು ಅಥವಾ ಕಂದು ಪ್ಯಾಟಿನಾ, ಅಂದರೆ ಕಾಲಕ್ರಮದಲ್ಲಿ ಮೂಡಿದ ಪದರ, ಇರುವ ಕಂಚಿನ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಚೆಲುವಿಗೆ ಮಾತ್ರವಲ್ಲ, ಮುದ್ರೆಯ ವಿವರಗಳನ್ನು ಅದೇ ಕಾಪಾಡಿದೆ ಎಂಬ ತಿಳಿವಳಿಕೆಯಿಂದ.

ಸಂಗ್ರಹಾಲಯಗಳ ಸಂರಕ್ಷಕರು ಸೂಕ್ಷ್ಮದರ್ಶಕದಡಿಯಲ್ಲಿ ಸಣ್ಣ ಚೂರಿ, ಸೂಜಿ, ಮರದ ಕಡ್ಡಿಗಳಿಂದ ಕಣಕಣವಾಗಿ ಹೊರಪದರವನ್ನು ಮಾತ್ರ ಎಬ್ಬಿಸುತ್ತಾರೆ. ಮೊದಲಿನ ಸ್ಥಿತಿಯ ಛಾಯಾಚಿತ್ರವನ್ನೂ, ಮಾಡಿದ ಪ್ರತಿಯೊಂದು ಕೆಲಸದ ವಿವರವನ್ನೂ ದಾಖಲಿಸುತ್ತಾರೆ. ನಮಗೂ ಅವರಿಗೂ ಇರುವ ವ್ಯತ್ಯಾಸ ಅಧಿಕಾರದ್ದಲ್ಲ, ಕ್ರಮದ್ದು. ಅವರೂ ಈ ಕ್ರಮವನ್ನು ಕಲಿತದ್ದು ಅನಿವಾರ್ಯತೆಯಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನ ವಸ್ತುಗಳನ್ನು ನೆಲದಡಿಯ ಸುರಂಗದಲ್ಲಿ ಬಚ್ಚಿಟ್ಟಿತ್ತು. ಅಲ್ಲಿನ ತೇವದಿಂದ ಅವುಗಳಲ್ಲಿ ಅನೇಕವು ಹಾಳಾಗಿದ್ದನ್ನು ಕಂಡ ಮೇಲೆ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಕಾಟ್ ಅವರನ್ನು ಕರೆಸಲಾಯಿತು, 1920ರಲ್ಲಿ ಅಲ್ಲಿನ ಪ್ರಯೋಗಾಲಯ ಆರಂಭವಾಯಿತು.

ಕಂಚಿನ ನಾಣ್ಯಗಳಲ್ಲಿ ನೀವು ತಡಮಾಡದೆ ಪರೀಕ್ಷಿಸಬೇಕಾದದ್ದು ಕಂಚಿನ ರೋಗವನ್ನು. ತಿಳಿಹಸಿರು ಬಣ್ಣದ, ಪುಡಿಪುಡಿಯಾದ ಚುಕ್ಕೆಗಳು ಕಾಣಿಸಿಕೊಂಡು, ಒರೆಸಿದರೂ ಕೆಲವು ದಿನಗಳಲ್ಲಿ ಮರಳಿ ಬಂದರೆ ಅದೇ ಈ ರೋಗ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡು ಲೋಹದ ಸಮೀಪ ತಾಮ್ರದ ಕ್ಲೋರೈಡಾಗಿ ಕೂತಿರುತ್ತದೆ; ತೇವ ಮತ್ತು ಆಮ್ಲಜನಕ ತಗಲಿದೊಡನೆ ಅದು ಹಸಿರು ಪುಡಿಯಾಗಿ ಒಡೆಯುವಾಗ ಆಮ್ಲವೂ ಹುಟ್ಟುತ್ತದೆ, ಆ ಆಮ್ಲ ಇನ್ನಷ್ಟು ತಾಮ್ರವನ್ನು ಕ್ಲೋರೈಡಾಗಿಸುತ್ತದೆ, ಅದು ಮತ್ತೆ ಒಡೆಯುತ್ತದೆ. ಈ ಚಕ್ರವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸಲಾ ಬರ್ತಲೋ ಅವರು 1890ರ ದಶಕದಲ್ಲೇ ವಿವರಿಸಿದ್ದರು. ಇಂಥ ನಾಣ್ಯವನ್ನು ಮುಟ್ಟದೆ ಬಿಡುವುದೇ ತಪ್ಪು. ಪುಡಿಯನ್ನು ಮರದ ಕಡ್ಡಿಯಿಂದ ಎಚ್ಚರವಾಗಿ ತೆಗೆದು, ಡಿಸ್ಟಿಲ್ಡ್ ವಾಟರಿನಲ್ಲಿ ಅಥವಾ ಸೋಡಿಯಂ ಸೆಸ್ಕ್ವಿಕಾರ್ಬೊನೇಟಿನ ತಿಳಿ ದ್ರಾವಣದಲ್ಲಿ ವಾರಗಟ್ಟಲೆ ನೆನೆಯಿಟ್ಟು, ದ್ರಾವಣವನ್ನು ಆಗಾಗ ಬದಲಿಸಿ, ಕ್ಲೋರೈಡನ್ನು ಹೊರಗೆಳೆಯಬೇಕು. ಸೆಸ್ಕ್ವಿಕಾರ್ಬೊನೇಟ್ ಪ್ಯಾಟಿನಾದ ಬಣ್ಣವನ್ನು ಸ್ವಲ್ಪ ಬದಲಿಸಬಹುದು. 1967ರಲ್ಲಿ ಸಂರಕ್ಷಣಾ ತಜ್ಞ ಮ್ಯಾಡ್ಸನ್ ಅವರು ಕಂಚಿನ ವಸ್ತುಗಳಿಗೆ ಬಳಕೆಗೆ ತಂದ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ಇನ್ನಷ್ಟು ಪರಿಣಾಮಕಾರಿ. ಆದರೆ ಅದು ಆರೋಗ್ಯಕ್ಕೆ ಹಾನಿಕರವಾದ್ದರಿಂದ ಮನೆಯಲ್ಲಿ ಬಳಸಲು ನಾನು ಸಲಹೆ ನೀಡುವುದಿಲ್ಲ. ಚಿಕಿತ್ಸೆಯ ನಂತರ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಬಿಗಿಮುಚ್ಚಳದ ಡಬ್ಬಿಯಲ್ಲಿ, ಸಾಪೇಕ್ಷ ಆರ್ದ್ರತೆ 40 ಪ್ರತಿಶತಕ್ಕಿಂತ ಕೆಳಗಿರುವಂತೆ ಕಾಪಾಡಿದರೆ ರೋಗ ಮರುಕಳಿಸುವುದು ತಪ್ಪುತ್ತದೆ.

ಪುರಾತನ ಬೆಳ್ಳಿಯ ಬಗ್ಗೆ ಒಂದೇ ಎಚ್ಚರಿಕೆ: ಶತಮಾನಗಳಲ್ಲಿ ಅದರ ಒಳಗಿನ ಹರಳುಗಳ ಸಂದುಗಳು ದುರ್ಬಲವಾಗಿ ನಾಣ್ಯ ಗಾಜಿನಂತೆ ಪೆಡಸಾಗಿರಬಹುದು. ಕೈಜಾರಿ ಬಿದ್ದರೂ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟರೂ ಒಡೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಅಂಟಿನ ಪದರವನ್ನು ಮಾತ್ರ ಅಸಿಟೋನಿನಿಂದ ತೆಗೆಯುತ್ತೇನೆ, ಬಣ್ಣ ತಳೆದ ಬೆಳ್ಳಿಯನ್ನು ಮುಟ್ಟುವುದಿಲ್ಲ. ಇನ್ನೆರಡು ಸಂದೇಹಗಳಿವೆ. ನನ್ನಲ್ಲಿರುವ ನಾಣ್ಯಗಳಲ್ಲಿ ಕೆಲವನ್ನು ಹಿಂದಿನವರು ಈಗಾಗಲೇ ಉಜ್ಜಿರಬಹುದು. ಅದನ್ನು ಗುರುತಿಸುವುದು ಹೇಗೆ? ಕಂದುಬಣ್ಣದ ತಾಮ್ರದ ನಾಣ್ಯಗಳ ಮೇಲಿನ ಹಸಿರೆಲ್ಲವೂ ಅಪಾಯಕಾರಿಯೇ?

ಉತ್ತರ 1ನ್ನು ಬರೆದವರಿಂದ

ಗುರುತಿಸಲು ಒಂದೇ ದಿಕ್ಕಿನಿಂದ ಬೀಳುವ ಬೆಳಕು ಮತ್ತು ಐದು ಅಥವಾ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಗೀರುಗಳು ಮರೆಯಾಗುತ್ತವೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಮೆತ್ತನೆಯ ಬಟ್ಟೆ ಹಾಸಿದ ಮೇಜಿನ ಮೇಲೆ ಓಲಾಡಿಸಿ ನೋಡಿ. ಚಲಾವಣೆಯಲ್ಲಿ ಬಿದ್ದ ಗೀರುಗಳು ಉದ್ದ, ಆಳ, ದಿಕ್ಕುಗಳಲ್ಲಿ ಒಂದನ್ನೊಂದು ಹೋಲುವುದಿಲ್ಲ. ಉಜ್ಜಿದ ಗೀರುಗಳು ಕೂದಲಿನಷ್ಟು ಸಣ್ಣವಾಗಿದ್ದು, ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಅಥವಾ ಸುರುಳಿಯಾಗಿ ಓಡುತ್ತವೆ. ಅವು ಉಬ್ಬಿದ ಚಿತ್ರದ ಬಳಿಗೆ ಬಂದಾಗ ತಡೆದು, ಆಚೆ ಬದಿಯಲ್ಲಿ ಮತ್ತೆ ಮುಂದುವರಿಯುತ್ತವೆ. ಅಕ್ಷರಗಳ ಸಂದುಗಳಲ್ಲಿ ಕಪ್ಪು ಉಳಿದು ಬಯಲು ಭಾಗ ಮಾತ್ರ ಬೆಳ್ಳಗಿದ್ದರೂ ಸಂಶಯಪಡಬೇಕು. ಸಂಗ್ರಾಹಕರಿಗಾಗಿ ವಿಶೇಷವಾಗಿ ಅಚ್ಚುಹಾಕಿದ, ಕನ್ನಡಿಯಂಥ ಹಿನ್ನೆಲೆಯ ಪ್ರೂಫ್ ನಾಣ್ಯಗಳಲ್ಲಿ ಮೃದುವಾದ ಬಟ್ಟೆಯಿಂದ ಒಮ್ಮೆ ಒರೆಸಿದ್ದೂ ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ಬಲವಾದ ಸುಳಿವು ಸವಕಳಿಗೂ ಹೊಳಪಿಗೂ ಇರುವ ಹೊಂದಾಣಿಕೆಯಿಲ್ಲದಿರುವಿಕೆ. ಮುದ್ರೆಯ ಎತ್ತರದ ಭಾಗಗಳು ಸವೆದು ಚಪ್ಪಟೆಯಾಗಿರುವ ನಾಣ್ಯವೊಂದು ಎಲ್ಲ ಕಡೆಯೂ ಒಂದೇ ಸಮನೆ ಹೊಳೆಯಲು ಸಾಧ್ಯವೇ ಇಲ್ಲ. ವೇಗವಾಗಿ ತಿರುಗುವ ತಂತಿಯ ಕುಂಚದಿಂದ ಉಜ್ಜಿ ಲಸ್ಟರಿನ ಭ್ರಮೆ ಹುಟ್ಟಿಸುವುದೂ ಉಂಟು. ಅದರಲ್ಲಿ ಬೆಳಕು ಚಕ್ರದಂತೆ ಸುತ್ತುವ ಬದಲು ಎಲ್ಲೆಡೆಯೂ ಒಮ್ಮೆಲೇ ಮಿನುಗುತ್ತದೆ, ಅಕ್ಷರಗಳ ಅಂಚಿನಲ್ಲಿ ತಳ್ಳಲ್ಪಟ್ಟ ಲೋಹದ ದಿಂಡು ಕಾಣುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರವನ್ನು ಉಳಿಸಲು ಅಮೆರಿಕ 1943ರಲ್ಲಿ ಸತುವಿನ ಲೇಪವಿರುವ ಉಕ್ಕಿನ ಸೆಂಟ್‌ಗಳನ್ನು ಹೊರಡಿಸಿತು. ಅವುಗಳಲ್ಲಿ ಬಹಳಷ್ಟನ್ನು ಮುಂದೆ ಲೇಪ ಕಳಚಿ, ಹೊಸ ಲೇಪ ಹಾಕಿ, ಥಳಥಳಿಸುವಂತೆ ಮಾಡಿ ಮಾರಿದ್ದಾರೆ. ಸಹಜವಾದ ಸತುವಿನ ಮೃದು ಲಸ್ಟರಿನ ಪಕ್ಕದಲ್ಲಿ ಅಂಥದೊಂದನ್ನು ಇಟ್ಟು ನೋಡಿದರೆ ಕಣ್ಣಿಗೆ ಒಳ್ಳೆಯ ಅಭ್ಯಾಸವಾಗುತ್ತದೆ, ಎರಡೂ ಸುಲಭವಾಗಿ ಸಿಗುವಂಥವು.

ತಾಮ್ರದ ಬಗ್ಗೆ. ಕಂದುಬಣ್ಣ ಸ್ವತಃ ದೋಷವಲ್ಲ. ಆಕ್ಸೈಡಿನ ಆ ಪದರ ಅಡಿಯ ಲೋಹ ಇನ್ನಷ್ಟು ಕೆಡುವುದನ್ನು ನಿಧಾನಗೊಳಿಸುತ್ತದೆ. ಟಂಕಸಾಲೆಯ ಕೆಂಪು ಉಳಿದಿದ್ದರೆ ಬೆಲೆ ಹೆಚ್ಚೆಂಬುದು ನಿಜ: ಪಿಸಿಜಿಎಸ್ ಪದ್ಧತಿಯಲ್ಲಿ ಮೂಲ ಕೆಂಪು 95 ಪ್ರತಿಶತ ಅಥವಾ ಹೆಚ್ಚು ಉಳಿದಿದ್ದರೆ ಕೆಂಪು, 5 ಪ್ರತಿಶತಕ್ಕಿಂತ ಕಡಿಮೆಯಿದ್ದರೆ ಕಂದು, ನಡುವಿನದೆಲ್ಲ ಕೆಂಪು-ಕಂದು ಎಂದು ಗುರುತಿಸುತ್ತಾರೆ. ಆದರೆ ಆಮ್ಲದಿಂದ ತಂದ ಕೆಂಪು ಆ ಕೆಂಪಲ್ಲ. ಅದು ಕಿತ್ತಳೆ ಅಥವಾ ಗುಲಾಬಿಯತ್ತ ವಾಲಿರುತ್ತದೆ, ಅಭ್ಯಾಸವಿದ್ದ ಕಣ್ಣು ಅದನ್ನು ನೋಡಿದೊಡನೆ ಗುರುತಿಸುತ್ತದೆ. ಬೆಳ್ಳಿಯನ್ನು ಅದ್ದಿ ತೆಗೆಯುವುದಕ್ಕೆ ಮೂರನೆಯ ಉತ್ತರದಲ್ಲಿ ಕೊಟ್ಟಿರುವ ಸಮರ್ಥನೆಯಲ್ಲಿ ಸತ್ಯಾಂಶವಿದೆ, ಅದನ್ನು ಒಪ್ಪುತ್ತೇನೆ. ತಾಮ್ರಕ್ಕೆ ಮಾತ್ರ ಅಂಥ ಸಮರ್ಥನೆ ಇಲ್ಲ.

ಹಸಿರಿನಲ್ಲಿ ಮೂರು ಬಗೆಯನ್ನು ಬೇರ್ಪಡಿಸಿಕೊಳ್ಳಿ. ಅಂಟಂಟಾಗಿ, ತುಸು ಪಾರದರ್ಶಕವಾಗಿ ಕಂಡರೆ ಅದು ಪ್ಲಾಸ್ಟಿಕ್ಕಿನದು, ಅಸಿಟೋನಿಗೆ ಕರಗುತ್ತದೆ. ಗಟ್ಟಿಯಾಗಿ, ಗಾಢವಾಗಿ, ಮೇಲ್ಮೈಗೆ ಬೆಸೆದುಕೊಂಡಂತಿದ್ದು ವರ್ಷಗಟ್ಟಲೆ ಬದಲಾಗದಿದ್ದರೆ ಅದು ಸ್ಥಿರವಾದದ್ದು, ಅದರ ಗೊಡವೆಗೆ ಹೋಗಬೇಡಿ. ಪುಡಿಯಾಗಿ, ತಿಳಿಹಸಿರಾಗಿ, ಮರಳಿ ಮರಳಿ ಬರುತ್ತಿದ್ದರೆ ನಾಲ್ಕನೆಯ ಉತ್ತರದಲ್ಲಿ ಹೇಳಿದ ಚಿಕಿತ್ಸೆ ಬೇಕು. ಯಾವ ಬಗೆಯೆಂದು ತಿಳಿಯದಿದ್ದರೆ ಇಂದು ಸ್ಪಷ್ಟವಾದ ಛಾಯಾಚಿತ್ರ ತೆಗೆದು, ನಾಣ್ಯವನ್ನು ಸಿಲಿಕಾ ಜೆಲ್ ಜೊತೆ ಪ್ರತ್ಯೇಕವಾಗಿಟ್ಟು, ಕೆಲವು ವಾರಗಳ ನಂತರ ಹೋಲಿಸಿ ನೋಡಿ.

ಆ ಹಳೆಯ ಆಲ್ಬಮ್ಮನ್ನು ಮತ್ತೆ ಬಳಸಬೇಡಿ. ಶುಚಿಯಾದ ನಾಣ್ಯಗಳನ್ನು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೋಲ್ಡರುಗಳಲ್ಲಿ ಅಥವಾ ಗಡುಸಾದ ಅಕ್ರಿಲಿಕ್ ಗೂಡುಗಳಲ್ಲಿಡಿ. ರಬ್ಬರ್ ಬ್ಯಾಂಡ್, ಉಣ್ಣೆಯ ಬಟ್ಟೆ, ಅಗ್ಗದ ಕಂದು ಕಾಗದದ ಲಕೋಟೆಗಳಲ್ಲಿ ಗಂಧಕವಿರುವುದರಿಂದ ಅವು ಬೆಳ್ಳಿಯ ಹತ್ತಿರ ಇರಬಾರದು. ಸೀಸದ ಬಿಲ್ಲೆಗಳೇನಾದರೂ ಇದ್ದರೆ ಅವನ್ನು ಓಕ್ ಮರದ ಪೆಟ್ಟಿಗೆಯಲ್ಲಿಡಬೇಡಿ, ಆ ಮರದಿಂದ ಹೊರಸೂಸುವ ಅಸಿಟಿಕ್ ಆಮ್ಲ ಸೀಸವನ್ನು ಬಿಳಿಯ ಪುಡಿಯಾಗಿಸುತ್ತದೆ.